ಗಾಳಿಗೆ ಬಿಡದ ಇಂಗಾಲ

ಅದಿರಿನಲ್ಲಿ ಕಬ್ಬಿಣವನ್ನು ಆಮ್ಲಜನಕ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಹುಪಾಲು ಕಾರ್ಖಾನೆಗಳಲ್ಲಿ ಆ ಹಿಡಿತ ಬಿಡಿಸುವುದು ಇಂಗಾಲ. ಬಿಡಿಸಿದ ಮೇಲೆ ಅದೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ. ಕಾರ್ಖಾನೆಗೆ ಪೂರ್ತಿ ಸೌರವಿದ್ಯುತ್ ಕೊಟ್ಟರೂ ಇದು ತಪ್ಪದು. ಅದಕ್ಕೇ ಆ ಅನಿಲವನ್ನು ಗಾಳಿಗೆ ಬಿಡದೆ ಹಿಡಿಯುವ ಅಬುಧಾಬಿಯ ಅಲ್ ರೆಯಾದಾ ಘಟಕವೆಂದರೆ ನನಗೆ ಅಷ್ಟು ಮೆಚ್ಚುಗೆ.

2016ರಲ್ಲಿ ಶುರುವಾದ ಈ ಘಟಕ ಎಮಿರೇಟ್ಸ್ ಸ್ಟೀಲ್ ಕಾರ್ಖಾನೆಯಿಂದ ವರ್ಷಕ್ಕೆ 8 ಲಕ್ಷ ಟನ್‌ವರೆಗೆ ಈ ಅನಿಲವನ್ನು ಹಿಡಿಯಬಲ್ಲದು. ಇದರ ಜಾಣ್ಮೆಯೆಲ್ಲ ಹಿಡಿಯುವ ಜಾಗವನ್ನು ಆರಿಸಿದ್ದರಲ್ಲಿದೆ. ಅಲ್ಲಿ ಅದಿರನ್ನು ನೈಸರ್ಗಿಕ ಅನಿಲದಿಂದ ಸ್ಪಂಜು ಕಬ್ಬಿಣವಾಗಿಸುತ್ತಾರೆ. ಕುಲುಮೆಯಿಂದ ಮರಳುವ ಅನಿಲವನ್ನು ಮತ್ತೆ ಬಳಸಲು ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ತೊಳೆದು ತೆಗೆಯಲೇಬೇಕು. ಅಂದರೆ ಬೇರ್ಪಡಿಸುವ ಕಷ್ಟದ ಕೆಲಸ ಉಕ್ಕಿನ ಕೆಲಸದೊಳಗೇ ಮುಗಿದಿರುತ್ತದೆ! ಹಾಗೆ ಬಂದದ್ದನ್ನು ಗಾಳಿಗೆ ಬಿಡದೆ, ತೇವ ತೆಗೆದು, ಒತ್ತಡ ಹಾಕಿ, 43 ಕಿಲೋಮೀಟರ್ ಕೊಳವೆಯಲ್ಲಿ ಸಾಗಿಸಿ ನೆಲದಾಳಕ್ಕೆ ಇಳಿಸುತ್ತಾರೆ.

ಇಳಿಸುವುದು ತೈಲಬಾವಿಗಳಿಗೆ, ಹೆಚ್ಚು ತೈಲ ಹೊರಡಿಸಲು. ಇದು ಸಣ್ಣ ಕೊರತೆಯಲ್ಲ; ಉಳಿಸಿದ್ದರ ಒಂದು ಪಾಲು ಆ ತೈಲ ಉರಿದಾಗ ಹೋಗುತ್ತದೆ.

ನಮ್ಮ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಊದುಕುಲುಮೆಗಳ ಅನಿಲದಲ್ಲಿ ಸಾರಜನಕ ದಂಡಿಯಾಗಿ ಬೆರೆತಿರುವುದರಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಕೆಲಸ ಇನ್ನೂ ತುಟ್ಟಿ. ಆದರೂ ಕೈಹಾಕಲೇಬೇಕಾದ ಕೆಲಸವಿದು.