ಓಮ್ನಿಯ ಜಾರುಬಾಗಿಲು

ನಮ್ಮ ಸಿನಿಮಾಗಳು ಮಾರುತಿ ಓಮ್ನಿಗೆ ಕೊಟ್ಟದ್ದು ಹೆಚ್ಚಾಗಿ ಒಂದೇ ಪಾತ್ರ: ಅಪಹರಣದ ಗಾಡಿ. ಪಕ್ಕದ ಬಾಗಿಲು ಜಾರುತ್ತದೆ, ಯಾರನ್ನೋ ಒಳಗೆ ಎಳೆದುಕೊಳ್ಳುತ್ತಾರೆ. ಹಂಗಾರಕಟ್ಟೆಯಂಥ ಊರಲ್ಲಿ ಅದೇ ಬಾಗಿಲಿನಿಂದ ಶಾಲೆ ಮಕ್ಕಳು ಇಳಿದರು, ಮದುವೆಗೆ ಹೊರಟ ಅಜ್ಜಿಯರು ಹತ್ತಿದರು. ಕೋಡಿಬೆಂಗ್ರೆಗೆ ಹೋಗುವ ಬಾರ್ಜಿಗೆ ಕಾಯುವಾಗ ಗಾಳಿಗೆಂದು ಅದನ್ನು ತೆರೆದಿಟ್ಟು ಕೂತರು.

ಜಪಾನಿನಲ್ಲಿ 1961ರಲ್ಲಿ ಶುರುವಾದ ಸುಜುಕಿ ಕ್ಯಾರಿ ಮೂಲತಃ ಸಣ್ಣ ಸರಕು ಗಾಡಿ. ಅದರದೇ ಒಂದು ರೂಪ 1984ರಲ್ಲಿ ಮಾರುತಿ ವ್ಯಾನ್ ಆಗಿ ಇಲ್ಲಿಗೆ ಬಂತು. ಓಮ್ನಿ ಎಂಬ ಹೆಸರು ಸಿಕ್ಕಿದ್ದು 1988ರಲ್ಲಿ. 796 ಸಿಸಿ ಇಂಜಿನ್ ಮುಂದಿನ ಸೀಟಿನಡಿ ಇದ್ದುದರಿಂದ ಅಷ್ಟು ಪುಟ್ಟ ಗಾಡಿಯಲ್ಲೂ ಎರಡು ಮನೆಯ ಜನ ಹಿಡಿಸುತ್ತಿದ್ದರು.

ಓಮ್ನಿಯನ್ನು ನೆನೆಯುವ ಈಗಿನ ಬರಹಗಳು ಈ ಜಾಗವನ್ನು ಹೊಗಳುತ್ತವೆ, ಅದಕ್ಕೆ ತೆತ್ತ ಬೆಲೆಯನ್ನು ಹೇಳುವುದಿಲ್ಲ. ಮುಂದೆ ಇಂಜಿನ್ ಇಲ್ಲವೆಂದರೆ, ಢಿಕ್ಕಿಯಾದಾಗ ಮೊದಲು ಪೆಟ್ಟು ಬೀಳುವುದು ಚಾಲಕನ ಮೊಣಕಾಲಿಗೆ. ಹೊಸ ಸುರಕ್ಷತಾ ನಿಯಮಗಳ ಹೊತ್ತಿಗೆ, 2019ರಲ್ಲಿ, ತಯಾರಿಕೆ ನಿಂತಿತು. ಸಿನಿಮಾ ಈ ಗಾಡಿಗೆ ಇಲ್ಲದ ಭಯವೊಂದನ್ನು ಅಂಟಿಸಿತು. ನೆನಪಿನ ಬರಹ ಇದ್ದ ಭಯವನ್ನೇ ಮರೆಸುತ್ತಿದೆ. ಕಡಿಮೆ ದುಡ್ಡಿನ ಮನೆಗಳಿಗೆ ಬೇರೆ ಆಯ್ಕೆ ಇರಲಿಲ್ಲ. ಓಮ್ನಿಯ ಬಗ್ಗೆ ಪ್ರೀತಿಯಿಂದಲೇ ಬರೆಯೋಣ, ಆದರೆ ಬಾಡಿಗೆಗೆ ಅದನ್ನು ಓಡಿಸಿದವರ ಮೊಣಕಾಲನ್ನು ಬಿಟ್ಟು ಬರೆಯುವುದು ಬೇಡ.