ಲೋಕದ ಅಂತಃಸಾಕ್ಷಿಗೆ ನ್ಯಾಯಪೀಠದ ಮುಂದೆ ಸ್ಥಾನವುಂಟೇ?

ನ್ಯಾಯಾಲಯದ ಬರಹವನ್ನು ಗ್ರಂಥದಂತೆ ಓದಿ ವಿಮರ್ಶಿಸುವ ರೂಢಿ ನಮ್ಮಲ್ಲಿ ಅಪರೂಪ. ಆದರೂ ಶ್ರೀಲಂಕೆಯ ನ್ಯಾಯಮೂರ್ತಿ ಸಿ. ಜಿ. ವೀರಮಂತ್ರಿಯವರು 1996ರ ಜುಲೈ 8ರಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಾಖಲಿಸಿದ ಭಿನ್ನಮತವು ಅಂತಹ ಓದಿಗೆ ಅರ್ಹವಾದುದು. ಅಣ್ವಸ್ತ್ರದ ಪ್ರಯೋಗವಾಗಲಿ, ಪ್ರಯೋಗಿಸುವೆವೆಂಬ ಬೆದರಿಕೆಯಾಗಲಿ ಅಂತಾರಾಷ್ಟ್ರೀಯ ಕಾನೂನಿಗೆ ಸಮ್ಮತವೇ ಎಂಬುದು ಅಲ್ಲಿದ್ದ ಪ್ರಶ್ನೆ. ಕೇಳಿದ್ದು ವಿಶ್ವಸಂಸ್ಥೆಯ ಮಹಾಸಭೆ; ಮಹಾಸಭೆಯ ಬಾಯಿಂದ ಅದನ್ನು ಕೇಳಿಸಿದವರು ಬೇರೆ. ಅವರನ್ನು ಕುರಿತು ಮೊದಲು ಎರಡು ಮಾತು ಹೇಳದೆ ಈ ಭಿನ್ನಮತದ ಸತ್ತ್ವ ತಿಳಿಯದು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ನಿವೃತ್ತ ಮ್ಯಾಜಿಸ್ಟ್ರೇಟ್ ಹೆರಾಲ್ಡ್ ಇವಾನ್ಸ್ 1987ರಲ್ಲಿ ತಮ್ಮ ದೇಶದ ಹಾಗೂ ಆಸ್ಟ್ರೇಲಿಯದ ಪ್ರಧಾನಿಗಳಿಗೆ ಬಹಿರಂಗ ಪತ್ರ ಬರೆದು, ಈ ಪ್ರಶ್ನೆಯನ್ನು ಹೇಗ್‌ಗೆ ಒಯ್ಯಬೇಕೆಂದು ಕೇಳಿಕೊಂಡರು. ಅದೇ ಊರಿನ ಕೇಟ್ ಡ್ಯೂಸ್ ಮೊದಲಾದವರು ಈ ಕಾರ್ಯವನ್ನು ಬೆಳೆಸಿದರು. 1992ರಲ್ಲಿ ವೈದ್ಯರ, ವಕೀಲರ, ಶಾಂತಿವಾದಿಗಳ ಮೂರು ಸಂಘಗಳು ಜಿನೀವಾದಲ್ಲಿ ಕೂಡಿ ‘ವಿಶ್ವ ನ್ಯಾಯಾಲಯ ಯೋಜನೆ’ಯನ್ನು ಆರಂಭಿಸಿದವು. ಅವರು ಹಿಡಿದ ಮಾರ್ಗ ಸರಳವಾದರೂ ಸೂಕ್ಷ್ಮವಾದುದು. 1899ರ ಹೇಗ್ ಒಪ್ಪಂದದಲ್ಲಿ ರಷ್ಯದ ಮಾರ್ಟೆನ್ಸ್ ಎಂಬವರ ಹೆಸರಿನ ಒಂದು ವಾಕ್ಯವುಂಟು. ಲಿಖಿತ ನಿಯಮವು ಮೌನವಾಗಿರುವಲ್ಲಿಯೂ ಜನರಿಗೆ ಮಾನವೀಯತೆಯ ನಿಯಮಗಳ ಮತ್ತು ಲೋಕದ ಅಂತಃಸಾಕ್ಷಿಯ ರಕ್ಷಣೆಯಿದೆ ಎಂಬುದು ಅದರ ತಾತ್ಪರ್ಯ. ಅಂತಃಸಾಕ್ಷಿಯೂ ಕಾನೂನಿಗೆ ಆಧಾರವಾಗುವುದಾದರೆ ನಮ್ಮದನ್ನೂ ಕೇಳಬೇಕೆಂದು ಸಾಮಾನ್ಯ ಜನರು ಲಕ್ಷಗಟ್ಟಲೆ ಘೋಷಣಾಪತ್ರಗಳಿಗೆ ಸಹಿ ಹಾಕಿದರು. ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಗಳ ವಿರೋಧವಿದ್ದರೂ 1994ರ ಡಿಸೆಂಬರ್ 15ರಂದು ಮಹಾಸಭೆಯು 78ಕ್ಕೆ 43 ಮತಗಳಿಂದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು.

ಈ ಸಹಿಗಳನ್ನು ಇಬ್ಬರು ನ್ಯಾಯಮೂರ್ತಿಗಳು ಕಂಡ ಬಗೆಯಲ್ಲಿಯೇ ವಿವಾದದ ತಿರುಳಿದೆ. ಫ್ರಾನ್ಸಿನ ಗಿಯೋಮ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಇದು ಒತ್ತಡದ ಗುಂಪುಗಳು ಹುಟ್ಟಿಸಿದ ಪ್ರಶ್ನೆಯೆಂದೂ, ಇದನ್ನು ಮಹಾಸಭೆಯದೆಂದು ಪರಿಗಣಿಸಬಹುದೇ ಎಂದೂ ಶಂಕಿಸಿದರು. ವೀರಮಂತ್ರಿಯವರಾದರೋ, ಸುಮಾರು 20 ಲಕ್ಷ ಸಹಿಗಳು ನ್ಯಾಯಾಲಯಕ್ಕೆ ತಲುಪಿದುದನ್ನೂ, ಸ್ಥಳವಿಲ್ಲದೆ ಬೇರೆಡೆ ಇರಿಸಿದವು ಸೇರಿದರೆ 30 ಲಕ್ಷ ಮೀರುವುದನ್ನೂ ಆರಂಭದಲ್ಲಿಯೇ ದಾಖಲಿಸಿದರು. ಎಲ್ಲ ಕಾಯಕದವರೂ ಕುಳಿತು ಪ್ರಶ್ನಿಸುತ್ತಿದ್ದ ಅನುಭವ ಮಂಟಪವನ್ನು ನೆನೆಯುವ ನಮಗೆ ಗಿಯೋಮರ ಆಕ್ಷೇಪ ವಿಚಿತ್ರವಾಗಿ ತೋರುವುದು ಸಹಜ. ಆದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ನಾಳೆ ಅಷ್ಟೇ ಜನರು ಯುದ್ಧ ಬೇಕೆಂದು ಸಹಿ ಹಾಕಿದರೆ ಅದೂ ಅಂತಃಸಾಕ್ಷಿಯೇ? ಈ ಪ್ರಶ್ನೆಗೆ ವೀರಮಂತ್ರಿಯವರಲ್ಲಿ ತೃಪ್ತಿಕರ ಉತ್ತರ ನನಗೆ ದೊರೆಯಲಿಲ್ಲ. ಉತ್ತರವಿರುವುದು ಸಹಿ ಹಾಕಿದವರ ನಡೆಯಲ್ಲಿ. ತಮ್ಮ ಸಂಖ್ಯೆಯನ್ನೇ ತೀರ್ಪೆಂದು ಒಪ್ಪಬೇಕೆಂದು ಅವರು ಹಟ ಹಿಡಿಯಲಿಲ್ಲ. ಬಲಿಷ್ಠರ ಆಯುಧವನ್ನೂ ಕಾನೂನಿನ ಒರೆಗಲ್ಲಿಗೆ ಹಚ್ಚಿರಿ ಎಂದಷ್ಟೇ ಕೇಳಿದರು. ಯುದ್ಧೋತ್ಸಾಹದ ಗುಂಪು ಕಾನೂನಿನ ಬಾಗಿಲಿಗೆ ಹೀಗೆ ಬರುವುದುಂಟೇ?

ಭಿನ್ನಮತದ ಅತ್ಯಂತ ಆಕರ್ಷಕ ಭಾಗ ನಮ್ಮ ಮಹಾಕಾವ್ಯಗಳಿಗೆ ಸಂಬಂಧಿಸಿದುದು. ಶತ್ರುಕುಲವನ್ನೇ ನಾಶಮಾಡಬಲ್ಲ ಅಸ್ತ್ರವನ್ನು ಬಳಸದಂತೆ ರಾಮನು ಲಕ್ಷ್ಮಣನನ್ನು ತಡೆದುದನ್ನೂ, ಅರ್ಜುನನು ಪಾಶುಪತಾಸ್ತ್ರವನ್ನು ಪ್ರಯೋಗಿಸದೆ ಉಳಿದುದನ್ನೂ ಅವರು ಯುದ್ಧನಿಯಮದ ಪುರಾತನ ಸಾಕ್ಷ್ಯವಾಗಿ ಮುಂದಿಡುತ್ತಾರೆ. ವಾಲ್ಮೀಕಿಯಲ್ಲಿ ಈ ಪ್ರಸಂಗ ಇನ್ನೂ ತೀಕ್ಷ್ಣವಾಗಿದೆ. ಇಂದ್ರಜಿತ್ತು ಮರೆಯಲ್ಲಿ ನಿಂತು ಹೋರಾಡುತ್ತಿರುವಾಗ ಲಕ್ಷ್ಮಣನು ರೋಷಗೊಂಡು ಬ್ರಹ್ಮಾಸ್ತ್ರದ ಮಾತೆತ್ತುತ್ತಾನೆ; ಒಬ್ಬನ ನಿಮಿತ್ತವಾಗಿ ಎಲ್ಲರನ್ನೂ ಕೊಲ್ಲಬಾರದೆಂದು ರಾಮನು ಹೇಳುತ್ತಾನೆ. ಇಷ್ಟಾದರೂ ಆಯ್ದ ಪ್ರಸಂಗಗಳಿಂದ ಪರಂಪರೆಯೆಲ್ಲವೂ ನಿರ್ಮಲವಾಗಿತ್ತೆಂದು ವಾಚಕರು ಭಾವಿಸಬಾರದು. ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನು ಅಸ್ತ್ರವನ್ನು ಬಿಟ್ಟೇ ಬಿಡುತ್ತಾನೆ, ಅರ್ಜುನನೂ ಬಿಡುತ್ತಾನೆ. ಅರ್ಜುನನು ಹಿಂತೆಗೆದುಕೊಳ್ಳಬಲ್ಲ, ಅಶ್ವತ್ಥಾಮನು ಹಿಂತೆಗೆದುಕೊಳ್ಳಲಾರ. ಅದು ಉತ್ತರೆಯ ಗರ್ಭದ ಕಡೆಗೆ ತಿರುಗುತ್ತದೆ. ಅಣ್ವಸ್ತ್ರದ ನ್ಯಾಯವಿಚಾರಕ್ಕೆ ಇದಕ್ಕಿಂತ ಸಮೀಪದ ಕಥೆ ಇನ್ನಾವುದು? ಎಲ್ಲ ಮತಗಳಿಂದಲೂ ಸಮ್ಮತಿ ಸಂಗ್ರಹಿಸುವ ಅವಸರದಲ್ಲಿ ವೀರಮಂತ್ರಿಯವರು ಮತಗಳು ಹರಸಿದ ಯುದ್ಧಗಳ ಕಡೆಗೆ ಸಾಕಷ್ಟು ನೋಡಲಿಲ್ಲವೆಂಬುದು ನನ್ನ ಆಕ್ಷೇಪ. ಬರಹವು ಅತಿದೀರ್ಘವೂ ಹೌದು.

ನ್ಯಾಯಾಲಯದ ಬಹುಮತದ ಮಾತೇನು? ಅಣ್ವಸ್ತ್ರ ಪ್ರಯೋಗವು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ; ಆದರೆ ರಾಷ್ಟ್ರದ ಅಸ್ತಿತ್ವಕ್ಕೇ ಕುತ್ತು ಬಂದ ಆತ್ಮರಕ್ಷಣೆಯ ಸಂದರ್ಭದಲ್ಲಿ ಏನೆಂದು ನಿರ್ಣಯಿಸಲಾಗದು. ಇದೂ 7–7 ಸಮಮತವಾಗಿ, ಅಧ್ಯಕ್ಷ ಬೆಜಾವಿಯವರ ನಿರ್ಣಾಯಕ ಮತದಿಂದ ಹೊರಬಂದಿತು. ವೀರಮಂತ್ರಿ, ಶಹಾಬುದ್ದೀನ್, ಕೊರೋಮ ಈ ಮೂವರು ವಿರೋಧಿಸಿದ್ದು ಆ ಕಂಡಿಯನ್ನು ಬಿಟ್ಟುದಕ್ಕಾಗಿ. ನಿಶ್ಶಸ್ತ್ರೀಕರಣದ ಮಾತುಕತೆಯನ್ನು ಸದ್ಭಾವದಿಂದ ನಡೆಸಿ ಮುಗಿಸಬೇಕೆಂಬ ಹೊಣೆಯನ್ನು ಮಾತ್ರ ಎಲ್ಲರೂ ಒಮ್ಮತದಿಂದ ಒಪ್ಪಿದರು.

ಭಾರತದ ಪಾತ್ರವನ್ನು ಹೇಳದೆ ಮುಗಿಸುವುದು ಅಪ್ರಾಮಾಣಿಕವಾದೀತು. 1995ರಲ್ಲಿ ನಮ್ಮ ಸರ್ಕಾರವು ಈ ನ್ಯಾಯಾಲಯಕ್ಕೆ ಲಿಖಿತ ಹೇಳಿಕೆ ಸಲ್ಲಿಸಿ ಅಣ್ವಸ್ತ್ರ ಪ್ರಯೋಗವನ್ನು ಕಾನೂನುಬಾಹಿರವೆಂದು ವಾದಿಸಿತ್ತು. 1998ರ ಮೇ ತಿಂಗಳಲ್ಲಿ ಪೋಖರಣದಲ್ಲಿ ಸ್ಫೋಟಗಳು ನಡೆದವು. ನುಡಿ ಒಂದು, ನಡೆ ಇನ್ನೊಂದು. ಅಮೆರಿಕದ 67 ಅಣುಪರೀಕ್ಷೆಗಳನ್ನು ತನ್ನ ನೆಲದಲ್ಲಿ ಅನುಭವಿಸಿದ ಪುಟ್ಟ ಮಾರ್ಷಲ್ ದ್ವೀಪರಾಷ್ಟ್ರವು, 1996ರಲ್ಲಿ ಒಮ್ಮತ ಪಡೆದ ಆ ಹೊಣೆಯನ್ನೇ ಆಧಾರವಾಗಿಟ್ಟು 2014ರಲ್ಲಿ ಭಾರತವೂ ಸೇರಿದಂತೆ ಅಣ್ವಸ್ತ್ರವುಳ್ಳ ಒಂಬತ್ತು ದೇಶಗಳ ವಿರುದ್ಧ ಅದೇ ಹೇಗ್‌ಗೆ ಹೋಯಿತು. ನ್ಯಾಯಾಲಯಕ್ಕೆ ಈ ವಿಚಾರಣೆಯ ಅಧಿಕಾರವಿಲ್ಲವೆಂದು ಭಾರತ ವಾದಿಸಿತು. 2016ರ ಅಕ್ಟೋಬರ್ 5ರಂದು ಆ ವಾದವೇ ಗೆದ್ದಿತು. ಮೂಲ ಪ್ರಶ್ನೆಯ ವಿಚಾರಣೆ ನಡೆಯಲೇ ಇಲ್ಲ.