ವಚನಪದಗಳ ಗಣನೆ: ಯಂತ್ರದ ಲೆಕ್ಕವೂ ಸಂಪಾದಕನ ವಿವೇಕವೂ

ಗಣಕೋದ್ಯಮದಲ್ಲಿ ಇಂದು 'ಬಿಗ್ ಡೇಟಾ' ಎಂಬ ಮಾತು ಮಂತ್ರದಂತೆ ಬಳಕೆಯಾಗುತ್ತಿದೆ. ಅಪಾರವಾದ ದತ್ತಾಂಶವನ್ನು ಒಂದೆಡೆ ರಾಶಿಹಾಕಿ ಯಂತ್ರದಿಂದ ಶೋಧಿಸಿದರೆ, ಮನುಷ್ಯನ ಕಣ್ಣಿಗೆ ಬೀಳದ ಸತ್ಯಗಳು ತಾವಾಗಿ ಹೊರಬೀಳುವುವೆಂಬುದು ಅದರ ಹಿಂದಿನ ನಂಬಿಕೆ. ಈ ನಂಬಿಕೆ ಸಾಹಿತ್ಯಾಭ್ಯಾಸದ ಅಂಗಳಕ್ಕೂ ಕಾಲಿಟ್ಟಿದೆ. ಇಂಥ ಪದ ಇಷ್ಟು ಸಲ ಬಂದಿದೆ, ಆದುದರಿಂದ ವಚನಕಾರನ ಮನೋಧರ್ಮ ಹೀಗಿತ್ತು, ಎಂಬ ಬಗೆಯ ನಿರ್ಣಯಗಳನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾವು ಮೇಲಿಂದ ಮೇಲೆ ಕಾಣುತ್ತಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಧ್ಯಾಪಕರಿಗೆ ಇದು ದೂರದ ಪ್ರಶ್ನೆಯಲ್ಲ; ಎಣಿಕೆಗೆ ಒಳಗಾಗಿರುವುದು ಅವರ ನೆಲದ ಮಾತು. ಬಸವಣ್ಣನವರದು ಬಾಗೇವಾಡಿ, ಮಡಿವಾಳ ಮಾಚಯ್ಯನದು ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿ, ನೀಲಾಂಬಿಕೆ ಐಕ್ಯಳಾದಳೆಂದು ಸಂಪ್ರದಾಯ ಹೇಳುವ ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿದೆ.

ಈ ಸಾಮಗ್ರಿ ನಮ್ಮ ಕೈಗೆ ಬಂದ ಬಗೆಯನ್ನು ಮೊದಲು ನೆನೆಯಬೇಕು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಸ್ವಂತ ಮುದ್ರಣಾಲಯವನ್ನೂ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಮುಂದೆ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಾಗ ಅದರ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ. ಈಚೆಗೆ 'ವಚನ ಸಂಚಯ'ವೆಂಬ ಯೋಜನೆಯು ಸುಮಾರು 21,000 ವಚನಗಳನ್ನು ಗಣಕದಲ್ಲಿ ಹುಡುಕಲು ಬರುವಂತೆ ಮಾಡಿದೆ. ಉಪಕಾರ ದೊಡ್ಡದು. ಒಂದು ಪ್ರಯೋಗಕ್ಕಾಗಿ ವಾರಗಟ್ಟಲೆ ಪುಟ ತಿರುವಿದವರಿಗೆ ಅದರ ಬೆಲೆ ಗೊತ್ತು.

ಆದರೆ ಇದು 'ಬಿಗ್ ಡೇಟಾ'ವೇ? ಲೆಕ್ಕ ಹಾಕಿ ನೋಡೋಣ. ಪ್ರಚಲಿತವಾದ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಒಂದು ವಚನಕ್ಕೆ ಸರಾಸರಿ 500 ಸಂಕೇತಗಳೆಂದು ಧಾರಾಳವಾಗಿಯೇ ಹಿಡಿದರೂ ಇಡೀ ವಚನವಾಙ್ಮಯ ಸುಮಾರು ಮೂರು ಕೋಟಿ ಬೈಟುಗಳಲ್ಲಿ, ಎಂದರೆ ಮೂವತ್ತು ಮೆಗಾಬೈಟಿನ ಆಸುಪಾಸಿನಲ್ಲಿ, ಅಡಗಿಬಿಡುತ್ತದೆ. ಮದುವೆಯ ಮೆರವಣಿಗೆಯನ್ನು ಕೈಫೋನಿನಲ್ಲಿ ಕೆಲವೇ ನಿಮಿಷ ಚಿತ್ರಿಸಿದರೆ ಇದಕ್ಕಿಂತ ಹೆಚ್ಚು ದತ್ತಾಂಶವಾಗುತ್ತದೆ. ರಾಶಿ ದೊಡ್ಡದಾದರೆ ಬಿಡಿ ತಪ್ಪುಗಳು ಮುಳುಗಿಹೋಗುತ್ತವೆಂಬ ಸಮಾಧಾನ ದೊಡ್ಡ ದತ್ತಾಂಶದವರಿಗೆ ಉಂಟು. ನಮಗೆ ಆ ಸಮಾಧಾನವಿಲ್ಲ. ಇಷ್ಟು ಸಣ್ಣ ರಾಶಿಯಲ್ಲಿ ಒಂದೊಂದು ತಪ್ಪು ಪಾಠವೂ ಎದ್ದು ನಿಲ್ಲುತ್ತದೆ.

ಇನ್ನು ಹುಡುಕಾಟದ ಮಾತು. ಯಂತ್ರಕ್ಕೆ ಪದವೆಂಬುದು ಸಂಕೇತಗಳ ಸರಣಿ ಮಾತ್ರ. 'ಮನ' ಎಂಬ ಸರಣಿಯನ್ನು ಹುಡುಕಿದರೆ ಮನದೊಡನೆ 'ಮನೆ', 'ಮನುಷ್ಯ', 'ಗಮನ' ಇವೆಲ್ಲವೂ ಬಲೆಗೆ ಬೀಳುತ್ತವೆ. 'ಮನೆ'ಯಲ್ಲಿ ಎತ್ವವು ನಕಾರದ ಮುಂದೆ ಬೇರೆ ಸಂಕೇತವಾಗಿ ಕೂಡಿರುವುದೇ ಕಾರಣ. ಪೂರ್ಣಪದವನ್ನೇ ಹುಡುಕೆಂದು ಕಟ್ಟುಮಾಡಿದರೆ 'ಮನವು', 'ಮನದೊಳಗೆ' ಎಂಬ ರೂಪಗಳು ಜಾರಿಹೋಗುತ್ತವೆ. ಸಂಧಿಯ ತೊಡಕು ಇನ್ನೂ ಹೆಚ್ಚಿನದು. 'ಅನುಭವ' ಎಂದು ಹುಡುಕಿದವನಿಗೆ 'ಶಿವಾನುಭವ' ಸಿಕ್ಕುವುದಿಲ್ಲ. ಸವರ್ಣದೀರ್ಘದಿಂದ ಆದಿಯ ಅಕಾರವು ದೀರ್ಘಚಿಹ್ನೆಯಲ್ಲಿ ಲೀನವಾಗಿದೆ. ಹಳಕಟ್ಟಿಯವರು ತಮ್ಮ ಪತ್ರಿಕೆಗೆ ಇಟ್ಟ ಹೆಸರೇ ಹೀಗೆ ಎಣಿಕೆಯಿಂದ ತಪ್ಪಿಸಿಕೊಳ್ಳುವುದು ವಿನೋದವಾಗಿ ತೋರಬಹುದು. ಆದರೆ ಅನುಭವವೆಂಬ ಕಲ್ಪನೆಯನ್ನು ಕುರಿತು ಪ್ರಬಂಧ ಬರೆಯುವವನಿಗೆ ಅದು ವಿನೋದವಲ್ಲ.

ಅಂಕಿತಗಳ ಎಣಿಕೆಯಲ್ಲಿಯೂ ಇದೇ ಅಪಾಯವಿದೆ. 'ಕೂಡಲಸಂಗಮದೇವ' ಎಂಬುದನ್ನು ಹಿಡಿದು ಬಸವಣ್ಣನವರ ವಚನಗಳನ್ನು ಬೇರ್ಪಡಿಸಹೊರಟರೆ, 'ಗಂಗಾಪ್ರಿಯ ಕೂಡಲಸಂಗಮದೇವ' ಎಂಬ ಅಂಕಿತದ ಗಂಗಾಂಬಿಕೆಯ ವಚನಗಳೂ ಪತಿಯ ಲೆಕ್ಕಕ್ಕೆ ಸೇರಿಬಿಡುತ್ತವೆ. ವಚನಕಾರ್ತಿಯರ ಧ್ವನಿಯನ್ನು ಬೇರೆಯಾಗಿ ಕೇಳಬೇಕೆಂಬ ಕಾಲದಲ್ಲಿ ಇಂಥ ಲೆಕ್ಕ ಸಲ್ಲದು.

ಇದಕ್ಕಿಂತಲೂ ಮೂಲಭೂತವಾದ ಆಕ್ಷೇಪವೊಂದಿದೆ. ವಚನಗಳು ಹನ್ನೆರಡನೆಯ ಶತಮಾನದವು. ಅವನ್ನು ಉಳಿಸಿಕೊಟ್ಟ ಸಂಕಲನಗಳೂ ಪ್ರತಿಗಳೂ ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನವು. ಸಂಕಲನಕಾರರು ಆಯ್ದರು, ಷಟ್‌ಸ್ಥಲಕ್ಕೆ ಅನುಗುಣವಾಗಿ ಜೋಡಿಸಿದರು, ಕೆಲವೆಡೆ ತಿದ್ದಿದರು. ಆದುದರಿಂದ ಒಂದು ಪದದ ಆವೃತ್ತಿ ತಿಳಿಸುವುದು ವಚನಕಾರನ ಒಲವನ್ನೋ, ಮುನ್ನೂರು ವರ್ಷಗಳ ಅನಂತರದ ಸಂಕಲನಕಾರನ ಒಲವನ್ನೋ ಎಂಬುದನ್ನು ಎಣಿಕೆಯೇ ನಿರ್ಣಯಿಸಲಾರದು. ಅದಕ್ಕೆ ಗ್ರಂಥಸಂಪಾದನೆ ಬೇಕು. ಇಂಡಿಯ ಸಮೀಪದ ಸಾಲೋಟಗಿಯನ್ನೇ ನೋಡಿ. ಅಲ್ಲಿಯ ವಿದ್ಯಾಶಾಲೆಯನ್ನು ಹೇಳುವ ಕ್ರಿ.ಶ. 945ರ ಶಾಸನದಲ್ಲಿ ಊರಿನ ಹೆಸರು ಪಾವಿಟ್ಟಗೆ. 'ಸಾಲೋಟಗಿ' ಎಂದು ಹುಡುಕಿದ ಯಂತ್ರವು ಏನೂ ಇಲ್ಲವೆಂದೇ ಹೇಳಬೇಕಾಗುತ್ತದೆ.

ಈಚಿನ ಭಾಷಾಮಾದರಿಗಳಂತೂ ಎಣಿಸಿ ಸುಮ್ಮನಾಗುವುದಿಲ್ಲ. ಪದಗಳನ್ನು ತುಣುಕುಗಳಾಗಿ ಒಡೆದು, ಯಾವುದರ ಮುಂದೆ ಯಾವುದು ಬರುವ ಸಂಭವ ಹೆಚ್ಚೆಂದು ಕಲಿತು, ಕೇಳಿದೊಡನೆ ಅಂಕಿತಸಹಿತವಾಗಿ ಹೊಸ 'ವಚನ'ವನ್ನೇ ಹೊಸೆದುಕೊಡುತ್ತವೆ. ಪ್ರಕ್ಷೇಪವೇನೂ ನಮಗೆ ಹೊಸದಲ್ಲ. ಆದರೆ ಹಿಂದಿನ ಪ್ರಕ್ಷೇಪಕ್ಕೆ ಓಲೆಯ ವಯಸ್ಸು, ಲಿಪಿ, ಪ್ರತಿಕಾರನ ಕೈವಾಡ ಎಂಬ ಸಾಕ್ಷ್ಯಗಳಿದ್ದುವು. ಯಂತ್ರದ ವಚನಕ್ಕೆ ಅವು ಯಾವುವೂ ಇಲ್ಲ. ಅದು ಅಂತರ್ಜಾಲದಲ್ಲಿ ಹರಡಿ, ಮುಂದಿನ ಯಂತ್ರದ ದತ್ತಾಂಶದಲ್ಲಿ ಬಸವಣ್ಣನವರ ಹೆಸರಿನಲ್ಲೇ ಸೇರಿಹೋದರೆ ಬೇರ್ಪಡಿಸುವವರು ಯಾರು?

ಯಂತ್ರವನ್ನು ಬಿಡಬೇಕೆಂಬುದು ನಮ್ಮ ವಾದವಲ್ಲ. ಇಟಲಿಯ ಪಾದ್ರಿ ರಾಬರ್ಟೊ ಬೂಸಾ ಸಂತ ಥಾಮಸ್ ಅಕ್ವಿನಾಸನ ಕೃತಿಗಳ ಪದಸೂಚಿಯನ್ನು ಐಬಿಎಂ ಯಂತ್ರಗಳ ನೆರವಿನಿಂದ 1949ರಷ್ಟು ಹಿಂದೆಯೇ ಕೈಗೊಂಡನು. ಅದು 56 ಸಂಪುಟಗಳಾಗಿ ಮುದ್ರಿತವಾಯಿತು. ಅಲ್ಲಿ ಯಂತ್ರ ವಿಂಗಡಿಸಿತು. ಯಾವ ರೂಪ ಯಾವ ಮೂಲಪದಕ್ಕೆ ಸೇರಬೇಕೆಂಬುದನ್ನು ಮನುಷ್ಯರು ಕುಳಿತು ನಿರ್ಣಯಿಸಿದರು. ವಚನಗಳಿಗೆ ಆಗಬೇಕಾದದ್ದು ಈ ಎರಡನೆಯ ಕೆಲಸ: ಪದಪದವನ್ನೂ ಸಂಧಿ ಬಿಡಿಸಿ, ಪ್ರಕೃತಿಪ್ರತ್ಯಯಗಳನ್ನು ಗುರುತಿಸಿ, ಪಾಠಾಂತರವನ್ನು ಪಕ್ಕದಲ್ಲಿ ಬರೆದಿಡುವುದು. ಇದಕ್ಕೆ ದೊಡ್ಡ ಯಂತ್ರಾಗಾರಗಳು ಬೇಕಿಲ್ಲ. ಹಳಗನ್ನಡ ವ್ಯಾಕರಣ ಬಲ್ಲ ಅಧ್ಯಾಪಕರೊಬ್ಬರೂ ಓದಬಲ್ಲ ಹತ್ತು ಮಂದಿ ವಿದ್ಯಾರ್ಥಿಗಳೂ ಸಾಕು. ಬಸವಣ್ಣನವರ ವಚನಗಳಿಂದಲೇ ತೊಡಗಬೇಕೆಂದೇನೂ ಇಲ್ಲ. ಸಿಂದಗಿಯ ಕಡೆಯವರು ತಮ್ಮ ನೆರೆಯ ಮಡಿವಾಳ ಮಾಚಯ್ಯನಿಂದ ಆರಂಭಿಸಬಹುದು.